ಹತ್ತು ಗಂಟೆಯ ದೊರೆ, ದಾರಿಗೆ ಅಡ್ಡ ಮಲಗಿದ ಎಮ್ಮೆ

ಕೂತುಕೊಳ್ಳಿ ಮಕ್ಕಳೇ, ಏಳಕ್ಕೆ ಶುರು, ಏಳೂ ಹತ್ತಕ್ಕೆ ಮುಗಿಸುತ್ತೇನೆ.

ಒಂದು ಸೀಮೆಯಲ್ಲಿ ಸೋಮಣ್ಣನಾಯಕ ಅಂತ ಒಬ್ಬ ದೊರೆ ಇದ್ದ. ಪುರಸಭೆ ಅಧ್ಯಕ್ಷ ಇದ್ದ ಅಂದರೆ ನೀವು ಈಗಲೇ ಎದ್ದು ಹೋಗುತ್ತೀರಿ, ಅದಕ್ಕೇ ದೊರೆ. ಬಹಳ ಶಿಸ್ತಿನ ಮನುಷ್ಯ. ಹೊತ್ತಿಗೆ ಸರಿಯಾಗಿ ಏಳುವವನು, ಹೊತ್ತಿಗೆ ಸರಿಯಾಗಿ ಉಣ್ಣುವವನು, ಹೊತ್ತು ಮೀರಿ ಬಂದವರಿಗೆ ಬಾಗಿಲು ತೆಗೆಯದವನು. ಈ ವರ್ಣನೆ ಬಂದಾಗೆಲ್ಲ ನನ್ನ ಮನೆಯವರು ನನ್ನ ಕಡೆ ನೋಡುತ್ತಾರೆ. ಯಾಕೋ ಗೊತ್ತಿಲ್ಲ.

ಪಟ್ಟಣದ ಬಚ್ಚಲು ನೀರು ಹೊಳೆ ಸೇರುವ ಮೊದಲು ಶುದ್ಧವಾಗಲಿ ಅಂತ ದೊರೆ ದೊಡ್ಡ ತೊಟ್ಟಿ ಕಟ್ಟಿಸಿದ. ಅದರೊಳಗೆ ಕಣ್ಣಿಗೆ ಕಾಣದ ಹುಳುಗಳಿದ್ದವು. ಕೊಳೆಯನ್ನೆಲ್ಲ ಅವೇ ತಿಂದು ಮುಗಿಸುತ್ತಿದ್ದವು. ಕೂಲಿ ಕೇಳುತ್ತಿರಲಿಲ್ಲ, ರಜೆ ಕೇಳುತ್ತಿರಲಿಲ್ಲ. ಉಸಿರಾಡಲು ಗಾಳಿ ಮಾತ್ರ ಬೇಕು. ಅದಕ್ಕಾಗಿ ಎತ್ತುಗಳು ಸರದಿಯ ಮೇಲೆ ಸುತ್ತುತ್ತ ತಿದಿ ಊದುತ್ತಿದ್ದವು. ನೋಡಿಕೊಳ್ಳಲು ಹೊಂಬಾಳಯ್ಯ ಎಂಬ ಪಾರುಪತ್ತೇಗಾರ.

ನೋಡಿಕೊಂಡ. ಎತ್ತುಗಳನ್ನು ತನ್ನ ಕಬ್ಬಿನ ಗಾಣಕ್ಕೆ ಕಟ್ಟಿಕೊಂಡ. ಗಾಳಿಯಿಲ್ಲದೆ ಹುಳುಗಳು ಸತ್ತವು. ಕೊಳೆ ಕೊಳೆಯಾಗಿಯೇ ಹೊಳೆಗಿಳಿಯಿತು.

ಹೊಳೆಯ ಕೆಳಗಡೆ ಕೆಂಚಿ ಎಂಬ ಎಮ್ಮೆ ಇತ್ತು. ಹೋದ ವರ್ಷ ಆ ನೀರು ಕುಡಿದು ಅದರ ಕರು ಸತ್ತಿತ್ತು. ಈಗ ಮತ್ತೆ ಗಬ್ಬ. ಈ ಕರುವಾದರೂ ಉಳಿಯಲಿ ಅಂತ ಅರಮನೆಗೆ ನಡೆಯಿತು.

ದೊರೆ ದೂರು ಕೇಳಿದ. ಪ್ರತಿ ತಿಂಗಳೂ ಹುಣ್ಣಿಮೆಯ ಮಾರನೆಯ ಬೆಳಿಗ್ಗೆ, ಗಂಟೆ ಹತ್ತು ಹೊಡೆಯುವಾಗ, ತಾನೇ ಹೋಗಿ ತೊಟ್ಟಿ ದಾಟಿ ಬಂದ ನೀರನ್ನು ಬೊಗಸೆಯಲ್ಲಿ ಕುಡಿಯುತ್ತೇನೆ, ಎಳನೀರಿನ ಹಾಗಿರುತ್ತದೆ ಅಂದ. ಮುಂದಿನ ತಿಂಗಳು ಕೆಂಚಿ ಮತ್ತೆ ಹೋಯಿತು. ದೊರೆ ಮತ್ತೆ ಕುಡಿದು ಬಂದು ಮತ್ತೆ ಅದನ್ನೇ ಅಂದ. ಜೊತೆಗೆ, ದೂರಿನ ಹೊತ್ತು ಮೀರಿ ಬಂದಿದ್ದೀಯ ಅಂತ ಬೈದ.

ಕೆಂಚಿಯ ಬೆನ್ನ ಮೇಲೆ ಉಣ್ಣಿ ಹೆಕ್ಕುತ್ತಿದ್ದ ಬೆಳ್ಳಕ್ಕಿ ಹೇಳಿತು: "ನಾನು ಹಾರಿ ನೋಡಿ ಬಂದೆ ಕಣಕ್ಕ. ದೊರೆ ಬರುವ ದಿನ ಬೆಳಿಗ್ಗೆ ಹೊಂಬಾಳಯ್ಯ ಹಲಗೆ ಇಳಿಸಿ ಕೊಳೆ ತಡೆಯುತ್ತಾನೆ. ಹೊರಗಿನ ಕುಂಡಕ್ಕೆ ಬಾವಿ ನೀರು ತುಂಬುತ್ತಾನೆ. ದೊರೆ ಕುಡಿದು ಹೋದ ಮೇಲೆ ಹಲಗೆ ಎತ್ತುತ್ತಾನೆ. ಕೊಳೆ ತಡೆಯಲು ಹಲಗೆಯ ಎತ್ತರ ಹತ್ತು ಗಂಟೆಯವರೆಗೆ ಸಾಕು."

"ಹತ್ತೂವರೆಯವರೆಗೆ?"

"ಅಷ್ಟೊತ್ತಿಗೆ ಊರಿಗೆ ಊರೇ ಸ್ನಾನ ಮುಗಿಸಿರುತ್ತದಲ್ಲಕ್ಕ."

ಮೂರನೆಯ ತಿಂಗಳು ಕೆಂಚಿ ಅರಮನೆಗೆ ಹೋಗಲಿಲ್ಲ. ಹುಣ್ಣಿಮೆಯ ಮಾರನೆಯ ಬೆಳಿಗ್ಗೆ ತೊಟ್ಟಿಯ ದಾರಿಯ ಕಿರುಸೇತುವೆಗೆ ಹೋಗಿ ಅಡ್ಡ ಮಲಗಿತು. ದೊರೆಯ ಪಲ್ಲಕ್ಕಿ ಬಂತು. ಬೋಯಿಗಳು ದಬ್ಬಿದರು, ಏಳಲಿಲ್ಲ. ಸಿಪಾಯಿ ಹುಲ್ಲು ತೋರಿಸಿದ, ತಿಂದಿತು, ಏಳಲಿಲ್ಲ. ದೊರೆ ತಾನೇ ಇಳಿದು ಕಾನೂನು ಓದಿ ಹೇಳಿದ. ಕೆಂಚಿ ಮೆಲುಕು ಹಾಕಿತು.

"ತಡವಾಗುತ್ತಿದೆ," ಅಂದ ದೊರೆ, ಅಳು ಬರುವವನ ಹಾಗೆ.

"ಬಸುರಿ, ಒಡೆಯಾ. ಸ್ವಲ್ಪ ಸುಧಾರಿಸಿಕೊಳ್ಳುತ್ತೇನೆ."

ಗಂಟೆ ಹತ್ತು ಹೊಡೆಯಿತು. ಕೆಂಚಿ ಎದ್ದದ್ದು ಹತ್ತೂವರೆ ದಾಟಿದ ಮೇಲೆ.

ಅತ್ತ ಹಲಗೆಯ ಹಿಂದೆ ಊರಿನ ಸ್ನಾನವೆಲ್ಲ ಏರಿ ನಿಂತಿತ್ತು. ಹಲಗೆ ಎತ್ತಿದರೆ ದೊರೆ ಬಂದುಬಿಟ್ಟಾನು, ಎತ್ತದಿದ್ದರೆ ಕೊಳೆ ಉಕ್ಕೀತು ಅಂತ ಹೊಂಬಾಳಯ್ಯ ಒದ್ದಾಡಿದ. ಎರಡೂ ಒಟ್ಟಿಗೇ ಬಂದವು. ದೊರೆ ಪಲ್ಲಕ್ಕಿ ಇಳಿಯುವಾಗ ಕೊಳೆ ಹಲಗೆ ಮೀರಿ ಹರಿದು ಕುಂಡ ತುಂಬಿತು. ಹೊಂಬಾಳಯ್ಯನ ಮೊಣಕಾಲು ಮುಳುಗಿತು.

ದೊರೆ ಕುಂಡದಿಂದ ಒಂದು ಚೊಂಬು ಮೊಗೆಸಿ ಅವನ ಕೈಗೆ ಕೊಟ್ಟ. "ಎಳನೀರು. ಇವತ್ತು ಮೊದಲು ನೀನು."

ಹೊಂಬಾಳಯ್ಯ ಚೊಂಬನ್ನು ಮೂಗಿನ ಹತ್ತಿರ ತಂದ. ಆಮೇಲೆ ಎತ್ತುಗಳು ಎಲ್ಲಿವೆ ಅಂತ ತಾನಾಗಿಯೇ ಹೇಳಿದ.

ಎತ್ತುಗಳು ಮರಳಿದವು. ಅವು ದಣಿದಾಗ ನೊಗಕ್ಕೆ ಹೊಂಬಾಳಯ್ಯನೇ ಹೆಗಲು ಕೊಡಬೇಕು ಅಂತ ಅಪ್ಪಣೆಯಾಯಿತು. ಹೊಸ ಹುಳು ಹುಟ್ಟಿದವು, ಹೊಳೆ ತಿಳಿಯಾಯಿತು, ಕೆಂಚಿಯ ಕರು ಹೊಟ್ಟೆ ತುಂಬ ನೀರು ಕುಡಿದು ಬದುಕಿತು. ತಪಾಸಣೆಗೆ ಈಗ ಇಂಥ ಹೊತ್ತು ಅಂತಿಲ್ಲ; ಕೆಂಚಿ ಕೂಗಿದಾಗ ದೊರೆ ಹೊರಡಬೇಕು. ಅದು ಕೂಗುವುದು ಸಾಮಾನ್ಯವಾಗಿ ಆತ ಅನ್ನಕ್ಕೆ ಸಾರು ಕಲಸಿದ ಮೇಲೆಯೇ.

ನೀತಿ ಇಷ್ಟೇ: ಕಾಯುವವನು ಬರುವ ಹೊತ್ತು ಎಲ್ಲರಿಗೂ ಗೊತ್ತಿದ್ದರೆ, ಅವನ ಶಿಸ್ತಿನಿಂದ ಅನುಕೂಲವಾಗುವುದು ಕಳ್ಳನಿಗೆ.

ಏಳೂ ಹತ್ತು. ಹೇಳಿದ ಹೊತ್ತಿಗೆ ಮುಗಿಸಿದ್ದೇನೆ. ನಿಮ್ಮಲ್ಲಿ ಅರ್ಧ ಜನ ಏಳೂ ಒಂಬತ್ತಕ್ಕೇ ಚಪ್ಪಲಿ ಹಾಕಿಕೊಂಡದ್ದನ್ನೂ ನೋಡಿದ್ದೇನೆ.