ಒಲ್ಲೆನವ್ವನ ಗುಡ್ಡ

ಕರಡಿಬಾಳದ ಬಸ್ ನಿಲ್ದಾಣದಲ್ಲಿ ಇಳಿದು ಮೂಡಲಿಗೆ ಮುಖ ಮಾಡಿದರೆ, ಜೋಳದ ಹೊಲಗಳಾಚೆ ಕೆಂಪು ಬಂಡೆಗಳ ಗುಡ್ಡವೊಂದು ಕಾಣುತ್ತದೆ. ಅಂಥ ಎತ್ತರದ್ದೇನಲ್ಲ, ಕುರಿ ಕಾಯುವವರು ಮಾತಾಡುತ್ತಲೇ ಹತ್ತಿಬಿಡುತ್ತಾರೆ. ಅರ್ಧ ಹತ್ತಿದ ಮೇಲೆ ಎರಡು ದೊಡ್ಡ ಬಂಡೆಗಳ ನಡುವೆ ಒಂದು ಸಂದು ಇದೆ. ಬಗ್ಗಿಕೊಂಡು ನುಸುಳಿದರೆ ಒಳಗೆ ಇಬ್ಬರು ಮೂವರು ಕೂಡುವಷ್ಟು ಜಾಗ. ಊರವರಿಗೆ ಅದೇ ಗುಡಿ. ಒಳಗೆ ಮೂರ್ತಿಯಿಲ್ಲ, ನಿತ್ಯ ಪೂಜೆಗೆ ಪೂಜಾರಿಯೂ ಇಲ್ಲ. ಬಂಡೆಗೆ ಹಚ್ಚಿದ ಅರಿಸಿನ ಮಾತ್ರ ಒಣಗಿ ಪದರುಪದರಾಗಿ ನಿಂತಿದೆ. ಒಲ್ಲೆನವ್ವನ ಗುಡ್ಡ ಎಂಬ ಹೆಸರು ಹೇಗೆ ಬಂತೆಂದು ಹೊರಗಿನಿಂದ ಬಂದವರು ಕೇಳುತ್ತಾರೆ. ನೈವೇದ್ಯ ಒಲ್ಲದ ಯಾವುದೋ ದೇವತೆಯಿರಬೇಕೆಂದು ಒಬ್ಬ ಉಪನ್ಯಾಸಕರು ನಮಗೇ ತಿಳಿಸಿಹೋದರು. ಅವರ ಪಾಂಡಿತ್ಯಕ್ಕೆ ದೊಡ್ಡ ನಮಸ್ಕಾರ. ನಮ್ಮಲ್ಲಿ ಈ ಕತೆಯನ್ನು ಹೊತ್ತು ಮುಳುಗಿದ ಮೇಲೆ ಯಾರೂ ಹೇಳುವುದಿಲ್ಲ. ನನ್ನ ಸೋದರತ್ತೆ ನನಗೆ ಹೇಳಿದ್ದು ಮಟಮಟ ಮಧ್ಯಾಹ್ನ, ಅದೂ ಬಾಗಿಲು ಪೂರ್ತಿ ತೆರೆದಿಟ್ಟುಕೊಂಡು. ಎಪ್ಪತ್ತು ದಾಟಿದ ನಾನು ಕೂಡ ಇದನ್ನು ಹಗಲಲ್ಲೇ ಬರೆಯುತ್ತಿದ್ದೇನೆ. ನಗುವವರು ನಗಲಿ.

ಹಿಂದೆ ಒಮ್ಮೆ, ಆಗ ಈ ಸೀಮೆಯನ್ನು ಆಳುತ್ತಿದ್ದ ಅರಸನ ಹೆಸರು ಹೇಳುವವರೂ ಉಳಿಯದಷ್ಟು ಹಿಂದೆ, ಕರಡಿಬಾಳದಲ್ಲಿ ಹಿರೇಹಗೇವಿನವರು ಎಂಬ ಮನೆತನವಿತ್ತು ಎನ್ನುತ್ತಾರೆ. ಹಗೇವು ಎಂದರೆ ಜೋಳ ಕಾಪಿಡಲು ನೆಲದೊಳಗೆ ತೋಡಿದ ಕಣಜ. ಬಾಯಿ ಒಬ್ಬರು ಇಳಿಯುವಷ್ಟೇ ಸಣ್ಣದು, ಒಳಗಿನ ಹೊಟ್ಟೆ ದೊಡ್ಡದು. ಕಾಳು ತುಂಬಿ, ಬಾಯಿಗೆ ಚಪ್ಪಡಿ ಎಳೆದು, ಮೇಲೆ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳ ಹಿಡಿಯುವುದಿಲ್ಲ. ಆದರೆ ಮುಚ್ಚಿದ ಹಗೇವಿನೊಳಗೆ ಉಸಿರು ಕಟ್ಟಿಸುವ ಕೆಟ್ಟ ಗಾಳಿ ತುಂಬಿರುತ್ತದೆ. ಅದಕ್ಕೇ ಬಾಯಿ ತೆರೆದವರು ಒಂದು ಹಗಲು ಹಾಗೇ ಬಿಟ್ಟು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು ನೋಡುತ್ತಾರೆ. ದೀಪ ಆರಿದರೆ ಯಾರೂ ಇಳಿಯುವುದಿಲ್ಲ. ಆ ಮನೆಯ ಒಬ್ಬನೇ ಮಗ ಚೆನಮಲ್ಲನಿಗೆ ಮುತ್ತಲಹಾಳದ ಬಾಳಪ್ಪನ ಹಿರಿಮಗಳು ನಿಂಬೆವ್ವನನ್ನು ತಂದುಕೊಂಡಿದ್ದರು. ಮದುವೆಯಾಗಿ ಎರಡು ಮುಂಗಾರು ಕಳೆದಿರಲಿಲ್ಲ, ನಿಂಬೆವ್ವ ಅಂಗಳದ ಹಗೇವಿನೊಳಗೆ ಹೆಣವಾಗಿ ಸಿಕ್ಕಳು. ಅತ್ತೆ ರುದ್ರವ್ವ ಊರಿಗೆ ಹೇಳಿದ್ದು ಇಷ್ಟು: ಗಾಳಿಯಾಡಲೆಂದು ಹಗೇವು ತೆರೆದಿಟ್ಟು ನಾನೂ ಮಗನೂ ಹೊಲಕ್ಕೆ ಹೋಗಿದ್ದೆವು; ಸೊಸೆ ಅವಸರ ಮಾಡಿ ಇಳಿದವಳು ಗಾಳಿ ಬಡಿದು ಬಿದ್ದಿರಬೇಕು; ಸಂಜೆ ಮೋಡ ಕವಿದದ್ದು ಕಂಡು, ಒಳಗೆ ಅವಳಿರುವುದನ್ನು ಅರಿಯದೆ ಚಪ್ಪಡಿ ಮುಚ್ಚಿಬಿಟ್ಟೆವು. ಯಾರೂ ನೋಡಲಿಲ್ಲ, ಯಾರ ಕಿವಿಗೂ ಒಂದು ಕೂಗು ಬೀಳಲಿಲ್ಲ ಎಂದೂ ಅವಳೇ ಹೇಳಿದಳು.

ಇಷ್ಟಕ್ಕೆ ಊರು ಸುಮ್ಮನಾಗುತ್ತದೆಯೆ? ಸತ್ತವಳು ಒಬ್ಬಳು, ಕತೆ ಮನೆಗೊಂದು ಹುಟ್ಟಿತು. ಅತ್ತೆಯ ಕಾಟ ತಾಳದೆ ತಾನೇ ಹಾರಿದಳು ಎಂದು ಬಾವಿಕಟ್ಟೆಯ ಮೇಲೆ ಹೇಳಿದರು. ಮಕ್ಕಳಾಗಲಿಲ್ಲವೆಂದು ಗಂಡನೇ ನೂಕಿದ ಎಂದು ದನಗಾಹಿಗಳು ಹೇಳಿದರು. ಬಳೆಗಾರನೊಬ್ಬ ಆ ಓಣಿಗೆ ಮೇಲಿಂದ ಮೇಲೆ ಬರುತ್ತಿದ್ದನೆಂದೂ, ಅವನನ್ನು ಕಾಣಲೆಂದೇ ಅವಳು ಹಗೇವಿನಲ್ಲಿ ಅಡಗಿದ್ದಳೆಂದೂ ರೊಟ್ಟಿ ಬಡಿಯುತ್ತ ಒಬ್ಬಳು ಅಂದಳು. ಬೆಂಕಿಯಿಲ್ಲದೆ ಹೊಗೆ ಏಳುವುದಿಲ್ಲ ಎಂದು ಇನ್ನೊಬ್ಬಳು ಅದಕ್ಕೆ ಉಪ್ಪು ಖಾರ ಹಚ್ಚಿದಳು. ಹಗೇವಿನೊಳಗೆ ಹಳೆಯ ಪಿಶಾಚಿಯಿದೆ, ಅದು ಹರೆಯದ ಹೆಣ್ಣನ್ನೇ ಬೇಡುತ್ತದೆ ಎಂದವರೂ ಇದ್ದರು. ಹೀಗೆ ಮಾತಾಡಿದವರನ್ನೆಲ್ಲ ದುಷ್ಟರೆಂದು ನಾನು ಹೇಳಲಾರೆ. ಅವರಿಗೆ ಹೆದರಿಕೆಯಾಗಿತ್ತು. ಕರಡಿಬಾಳದ ಪ್ರತಿ ಅಂಗಳದಲ್ಲೂ ಒಂದು ಹಗೇವಿತ್ತು, ಪ್ರತಿ ಮನೆಯಲ್ಲೂ ಒಬ್ಬ ಸೊಸೆಯಿದ್ದಳು. ಆ ವರ್ಷ ಹಗೇವಿನ ಮೇಲೆ ಕಾಲಿಡಲು ಜನ ಅಂಜುತ್ತಿದ್ದರು. ಕೆಳಗಿನಿಂದ ಯಾರೋ ಕೆರೆದ ಸದ್ದಾಗುತ್ತದೆಂದು ಸೊಸೆಯಂದಿರು ತವರಿಗೆ ಓಡಿಹೋಗುತ್ತಿದ್ದರಂತೆ. ನಿಜ ತಿಳಿಯುವುದಕ್ಕಿಂತ ಮಾತಾಡುವುದರಲ್ಲೇ ಅವರಿಗೆ ಧೈರ್ಯ ಸಿಗುತ್ತಿತ್ತು. ಆದರೆ ಹಿರಿಯರು ಚಾವಡಿಯಲ್ಲಿ ಸೇರಿ, ಕಂಡದ್ದು ಕೇಳಿದ್ದು ಇದ್ದವರು ಬಂದು ಹೇಳಿ ಎಂದು ಡಂಗುರ ಸಾರಿಸಿದ ದಿನ ಒಬ್ಬರೂ ಬಾಯಿ ಬಿಡಲಿಲ್ಲ. ಹಿರಿಯರು ಎಲೆ ಅಡಿಕೆ ಹಾಕಿಕೊಂಡು ಎದ್ದುಹೋದರು.

ಆ ಮಾತುಗಳೆಲ್ಲ ಮುತ್ತಲಹಾಳಕ್ಕೂ ಹರಿದವು. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು. ಬಾಳಪ್ಪನಿಗೆ ಬೇರೆಲ್ಲ ಮಾತು ಒಂದು ತೂಕ, ಬಳೆಗಾರನ ಮಾತೇ ಒಂದು ತೂಕ. ಮಗಳು ಹೋದಳೆಂಬ ಸಂಕಟದ ಮೇಲೆ ಅವಳ ಹೆಸರೂ ಹೋಯಿತಲ್ಲ ಎಂದು ಅವನು ಜನರಿಗೆ ಮುಖ ತೋರಿಸದಾದ. ಅಂಥ ಹೊತ್ತಿನಲ್ಲಿ ರುದ್ರವ್ವ ಹೇಳಿಕಳಿಸಿದಳು: ನಿಮ್ಮ ಕಿರಿಮಗಳು ಹೊಳೆವ್ವನನ್ನು ನಮ್ಮ ಚೆನಮಲ್ಲನಿಗೆ ಕೊಡಿ, ಅಕ್ಕನ ಮನೆಗೆ ತಂಗಿ ಬರಲಿ. ಹೆಂಡತಿ ಸತ್ತವನಿಗೆ ಅವಳ ತಂಗಿಯನ್ನು ಕೊಡುವುದು ಆಗ ಹೊಸತೇನಲ್ಲ. ಬಾಳಪ್ಪ ಹಗಲೂ ರಾತ್ರಿ ಯೋಚಿಸಿದ. ಕೊಟ್ಟರೆ, ಹಿರಿಮಗಳ ನಡತೆ ಚೆನ್ನಾಗಿದ್ದುದಕ್ಕೇ ಅದೇ ಮನೆಯವರು ಮತ್ತೆ ಹೆಣ್ಣು ಕೇಳಿದರು ಎಂದು ಜನ ಬಾಯಿ ಮುಚ್ಚುತ್ತಾರೆ. ಒಲ್ಲೆನೆಂದರೆ ಬಳೆಗಾರನ ಕತೆ ನಿಜವೆಂದು ಒಪ್ಪಿಕೊಂಡ ಹಾಗೆ. ಅಂಥವಳ ತಂಗಿಯನ್ನು ಮುಂದೆ ಯಾರು ತಂದುಕೊಳ್ಳುತ್ತಾರೆ? ಅವನು ಮಾತು ಕೊಟ್ಟುಬಿಟ್ಟ. ಅವನ ಹೆಂಡತಿ ಕಾಳವ್ವ ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ಹೊಳೆವ್ವನಿಗೆ ಆಗ ಹದಿನಾರೋ ಹದಿನೇಳೋ. ಅಕ್ಕ ಸತ್ತ ಮನೆಯ ಹೆಸರು ಕೇಳಿದರೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಮೂರು ಸಲ ಕೇಳಿದಳಂತೆ, ಹೋಗಲೇಬೇಕೇನಪ್ಪಾ ಎಂದು. ಅಪ್ಪ ಬೇರೆ ಕಡೆ ನೋಡಿದ.

ಎರಡನೆಯ ಸಂಬಂಧವಾದ್ದರಿಂದ ಮದುವೆ ಗಂಡಿನ ಮನೆಯ ಅಂಗಳದಲ್ಲೇ ಆಯಿತು. ಹಂದರ ಹಾಕಿದ್ದರು, ಹಗೇವಿನ ಚಪ್ಪಡಿಯ ಮೇಲೆ ಕಂಬಳಿ ಹಾಸಿ ಮುಚ್ಚಿದ್ದರು. ಹಸೆಯ ಮೇಲೆ ಕೂತ ಹೊಳೆವ್ವ ಆ ಕಂಬಳಿಯಿಂದ ಕಣ್ಣು ಕೀಳಲಿಲ್ಲ. ಈ ಸೀಮೆಯಲ್ಲಿ ಒಂದು ಪದ್ಧತಿಯಿತ್ತು. ಎರಡನೆಯವಳನ್ನು ತಂದುಕೊಳ್ಳುವಾಗ, ಸತ್ತ ಮೊದಲ ಹೆಂಡತಿಯ ಮುಖವನ್ನು ಒಂದು ಸಣ್ಣ ಬೆಳ್ಳಿಯ ಬಿಲ್ಲೆಯ ಮೇಲೆ ಕೆತ್ತಿಸಿ ಹೊಸಬಳ ಕೊರಳಿಗೆ ತಾಳಿಯ ಜೊತೆ ಕಟ್ಟುತ್ತಿದ್ದರು. ಸತ್ತವಳಿಗೆ ಮನೆಯಲ್ಲಿ ಜಾಗ ಸಿಕ್ಕಿತು, ಇನ್ನು ಕಾಡುವುದಿಲ್ಲ ಎಂಬ ನಂಬಿಕೆ. ಸಹಜವಾಗಿ ಸತ್ತವಳ ಬಿಲ್ಲೆಯಲ್ಲಿ ಕಣ್ಣು, ಮೂಗು, ಬಾಯಿ ಎಲ್ಲ ಇರಬೇಕು. ಆದರೆ ಮನೆಯವರನ್ನು ಶಪಿಸುತ್ತ ಪ್ರಾಣ ಬಿಟ್ಟವಳಾದರೆ ಬಾಯಿ ಕೆತ್ತಿಸಕೂಡದು. ಕೆತ್ತಿಸಿದರೆ ಆ ಬಾಯಿಂದ ಶಾಪ ಮನೆಯೊಳಗೆ ಹೊಕ್ಕು ವಂಶ ತಿನ್ನುತ್ತದೆ. ಇದು ಮುದುಕಿಯರಿಂದ ಹಿಡಿದು ಮದುವೆಗೆ ಬಂದ ಹುಡುಗಿಯರವರೆಗೆ ಎಲ್ಲರಿಗೂ ಗೊತ್ತಿದ್ದ ಸಂಗತಿ. ತಾಳಿ ಕಟ್ಟುವ ಮೊದಲು ಆ ಬಿಲ್ಲೆಯನ್ನು ಹೊಸಬಳೇ ಹಾಲಿನಲ್ಲಿ ತೊಳೆದು ಕುಂಕುಮ ಇಡಬೇಕು.

ರುದ್ರವ್ವ ತಂದಿಟ್ಟ ಬಿಲ್ಲೆಗೆ ಅರಿಸಿನ ದಪ್ಪನಾಗಿ ಮೆತ್ತಿತ್ತು. ಹೊಳೆವ್ವ ಹಾಲಿನ ಬಟ್ಟಲಲ್ಲಿ ಅದ್ದಿ ಹೆಬ್ಬೆರಳಿಂದ ಉಜ್ಜಿದಳು. ಅಕ್ಕನ ಕಣ್ಣು ಕಂಡವು, ಮೂಗು ಕಂಡಿತು. ಕೆಳಗೆ ಇನ್ನೂ ಅರಿಸಿನ ಅಂಟಿದೆಯೆಂದು ಮತ್ತೆ ಉಜ್ಜಿದಳು. ಅರಿಸಿನವೆಲ್ಲ ಹೋಗಿ ಬೆಳ್ಳಿ ಹೊಳೆಯಿತು. ಮೂಗಿನ ಕೆಳಗೆ ಏನೂ ಇರಲಿಲ್ಲ. ಊರಿಗೆಲ್ಲ ಸುಳ್ಳು ಹೇಳಿ ದಕ್ಕಿಸಿಕೊಂಡ ಆ ಮನೆಯವರಿಗೆ ಸತ್ತವಳ ಎದುರು ಸುಳ್ಳು ಹೇಳುವ ಧೈರ್ಯ ಬಂದಿರಲಿಲ್ಲ. ಹೊಳೆವ್ವ ತಲೆಯೆತ್ತಿ ಕೇಳಿದಳು: "ಅತ್ತೀ, ಯಾರ ಕಿವಿಗೂ ಕೂಗು ಬೀಳಲಿಲ್ಲ ಅಂದಿದ್ರಿ. ಮತ್ತ ಅಕ್ಕನ ಶಾಪ ಕೇಳಿದವ್ರು ಯಾರು?"

ಚೆನಮಲ್ಲ ಬಾಸಿಂಗದೊಳಗೆ ಬೆವರುತ್ತಿದ್ದ. ಬಾಳಪ್ಪ ಮಗಳ ಕೈಯಿಂದ ಬಿಲ್ಲೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿದ. ನೋಡಿದ್ದು ಅವನಿಗೆ ಅರ್ಥವಾಗಿತ್ತು. ಆದರೂ, "ಬಿಲ್ಲಿ ಮಾಡಿದ ಪತ್ತಾರ ಬಾಯಿ ಕೆತ್ತೂದು ಮರತಿರಬೇಕವ್ವಾ. ಅಕ್ಕಿಕಾಳು ಎಲ್ಲಾರ ಕೈಯಾಗ ಅದಾವು," ಎಂದ. ಅವನು ಹಾಗೆಂದದ್ದಕ್ಕೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಹೊಳೆವ್ವ ಬಿಲ್ಲೆಯನ್ನು ಅವನ ಕೈಯಿಂದ ಕಿತ್ತುಕೊಂಡು, ಅಂಗೈಯಲ್ಲಿ ಹಿಡಿದು ಕೂತವರ ಮುಂದೆಲ್ಲ ಹಾದುಹೋದಳು. ವರ್ಷವೆಲ್ಲ ಒಂದೊಂದು ಕತೆ ಕಟ್ಟಿದವರು ಒಬ್ಬೊಬ್ಬರಾಗಿ ನೆಲ ನೋಡಿದರು. ಅವಳು ಅಪ್ಪನ ಕಡೆ ತಿರುಗಿ "ಒಲ್ಲೆ" ಎಂದಳು. ಅಷ್ಟು ಹೇಳಿ ಹಂದರದಿಂದ ಓಡಿದಳು. ಮುತ್ತಲಹಾಳದ ದಾರಿಗೆ ಗಂಡಿನ ಕಡೆಯವರು ಅಡ್ಡ ನಿಂತಿದ್ದರು. ಉಳಿದದ್ದು ಗುಡ್ಡ. ಹಳದಿ ಸೀರೆಯ ಹುಡುಗಿ ಬಿಸಿಲಲ್ಲಿ ಬಂಡೆ ಹತ್ತಿ ಆ ಸಂದಿನೊಳಗೆ ನುಸುಳಿಕೊಂಡಳು.

ಜನ ಬೆನ್ನು ಹತ್ತಿದರು. ಬಾ ಎಂದರು, ಬೈದರು, ಆಣೆ ಇಟ್ಟರು. ಒಳಗಿನಿಂದ ಬಂದದ್ದು ಒಂದೇ ಮಾತು, "ಒಲ್ಲೆ." ರುದ್ರವ್ವ ಏದುತ್ತ ಮೇಲೆ ಬಂದು, "ಬಾಯಿಗೆ ಕಲ್ಲಿಡ್ರಿ. ಹಸಿವಾದ್ರ ತಾನ ಹೂಂ ಅಂತಾಳ," ಎಂದಳು. ಎಂಥ ಮಾತು ಇದು, ಅದೂ ಅಂಥ ಮನೆಯವಳ ಬಾಯಲ್ಲಿ! ಆದರೆ ಮುಹೂರ್ತ ಮೀರಿದರೆ ಊರಿಗೆ ಕೇಡು ಎಂದು ಯಾರೋ ಅಂದರು. ಹುಡುಗಿಗೆ ಅಕ್ಕನೇ ಮೆಟ್ಟಿಕೊಂಡಿದ್ದಾಳೆಂದು ಮತ್ತೊಬ್ಬರು ಅಂದರು. ಹೆದರಿದ ಜನ ಯಾವ ಕೆಲಸ ಕೊಟ್ಟರೂ ಮಾಡುತ್ತಾರೆ. ಕಲ್ಲು ಹೊರತೊಡಗಿದರು. ಮೊದಲ ಕಲ್ಲು ಇಟ್ಟವನು ಬಾಳಪ್ಪನೇ ಎನ್ನುತ್ತಾರೆ. ಸಂದು ಮೊಣಕಾಲೆತ್ತರ ಮುಚ್ಚಿತು, ಎದೆಯೆತ್ತರ ಮುಚ್ಚಿತು. ಕತ್ತಲಾಗುತ್ತ ಬಂದ ಒಳಗಿನಿಂದ ಉಗುರಲ್ಲಿ ಕಲ್ಲು ಕೆರೆಯುವ ಸದ್ದು ಬಂತು.

ಆ ಸದ್ದಿಗೆ ಕಾಳವ್ವ ಎದ್ದಳು. ಅಲ್ಲಿಯವರೆಗೆ ಅವಳು ಒಂದು ಬಂಡೆಗೆ ಒರಗಿ ಸೆರಗು ಕಚ್ಚಿಕೊಂಡು ಕೂತಿದ್ದಳು. ಬಂದು ಗಂಡನ ಕೈಯ ಕಲ್ಲು ಹಿಡಿದುಕೊಂಡಳು. "ನಿಂಬಿ ಹೆಣ ತೊಳದಾಕಿ ನಾನು," ಎಂದಳು. "ಆಕಿ ಹತ್ತೂ ಉಗುರು ಮುರದಿದ್ವು. ಉಗುರಸಂದ್ಯಾಗ ಚಪ್ಪಡಿ ಮಣ್ಣಿತ್ತು. ಗಾಳಿ ಬಡದು ಬಿದ್ದಾಕಿ ಚಪ್ಪಡಿ ಕೆರೀತಾಳೇನು? ಎಲ್ಲಾ ನೋಡೀನಿ. ಬಾಯಿ ಬಿಟ್ರ ಸಣ್ಣಾಕಿ ಮದವಿ ನಿಂತೀತು ಅಂತ ಅಂಜಿ ಸುಮ್ಮನ ತೊಳದು ಮಣ್ಣಿಗೆ ಕೊಟ್ಟೆ. ಈಕೀನ್ನೂ ನಾನ ತೊಳೀಬೇಕೇನು? ಕಲ್ಲಿಡೋದಾದ್ರ ಮೊದಲ ನನ್ನ ಒಳಗ ಹಾಕಿ ಇಡ್ರಿ." ಬಾಳಪ್ಪ ಕಲ್ಲು ಬಿಟ್ಟ. ಅಲ್ಲೇ ಕುಸಿದು ಕೂತು ತಲೆ ಚಚ್ಚಿಕೊಂಡ. ಆಮೇಲೆ ತಾನೇ ಎದ್ದು, ಇಟ್ಟ ಕಲ್ಲುಗಳನ್ನು ಒಂದೊಂದಾಗಿ ತೆಗೆದ. ಬೇರೆ ಯಾರೂ ಕೈಜೋಡಿಸಲಿಲ್ಲ, ಅವರೆಲ್ಲ ಇಳಿದುಹೋಗಿದ್ದರು.

ಹಿರೇಹಗೇವಿನವರಿಗೆ ಶಿಕ್ಷೆಯಾಯಿತೆ ಎಂದು ಎಲ್ಲರೂ ಕೇಳುತ್ತಾರೆ. ಆಗಲಿಲ್ಲ. ಅವರ ಜೋಳ ಕೊಳ್ಳುವವರಿಲ್ಲದೆ, ಆ ಅಂಗಳ ತುಳಿಯುವವರಿಲ್ಲದೆ, ಒಂದು ದಿನ ಗಾಡಿ ಕಟ್ಟಿಕೊಂಡು ಊರು ಬಿಟ್ಟರು. ಚಪ್ಪಡಿ ಮುಚ್ಚಿದ್ದು ಮಗನೋ ತಾಯಿಯೋ, ಯಾವ ಸಿಟ್ಟಿಗೆ ಮುಚ್ಚಿದರೋ, ಕೂಗು ಎಷ್ಟು ಹೊತ್ತು ಕೇಳುತ್ತ ಕೂತಿದ್ದರೋ, ಇವತ್ತಿನವರೆಗೆ ಯಾರಿಗೂ ತಿಳಿಯದು. ಊಹೆ ಮಾಡುವವರು ಈಗಲೂ ಇದ್ದಾರೆ, ನಾನು ಮಾಡುವುದಿಲ್ಲ. ಹೊಳೆವ್ವನನ್ನು ಆ ಸಂಜೆಯೇ ಗುಡ್ಡ ತನ್ನ ಹೊಟ್ಟೆಗೆ ಹಾಕಿಕೊಂಡಿತು ಎಂದು ಹಾಡುವವರು ಹಾಡುತ್ತಾರೆ. ಕೇಳಲು ಚಂದ, ಆದರೆ ನನ್ನ ಸೋದರತ್ತೆ ಹೇಳಿದ್ದು ಬೇರೆ. ಕಲ್ಲು ತೆಗೆದ ಮೇಲೂ ಹುಡುಗಿ ಹೊರಗೆ ಬರಲಿಲ್ಲ, ಅಪ್ಪನ ದನಿ ಕೇಳಿದರೆ ಇನ್ನೂ ಒಳಗೆ ಸರಿಯುತ್ತಿದ್ದಳು. ಕೊನೆಗೆ ಕಾಳವ್ವನೇ ಒಳಗೆ ಹೋಗಿ ಅವಳ ಜೊತೆ ಉಳಿದಳು. ತಾಯಿ ಮಗಳು ಆಡು ಸಾಕಿಕೊಂಡು ಆ ಗುಡ್ಡದಲ್ಲೇ ಬಾಳಿದರು. ತಾಯಿ ತೀರಿಕೊಂಡ ಮೇಲೂ ಹೊಳೆವ್ವ ಮುದುಕಿಯಾಗುವವರೆಗೆ ಅಲ್ಲಿದ್ದಳು. ಮಜ್ಜಿಗೆಯೋ ಬುತ್ತಿಯೋ ತಂದ ಹೆಂಗಸರು ಹೊರಗೆ ನಿಂತು ಕರೆದರೆ ಮೊದಲು ಒಳಗಿನಿಂದ "ಒಲ್ಲೆ" ಎಂಬ ದನಿ ಬರುತ್ತಿತ್ತು, ಆಮೇಲೆ "ಯಾರವ್ವಾ?" ಎಂದು ಕೇಳುತ್ತಿದ್ದಳು. ಹೆಸರು ಹಾಗೆ ನಿಂತಿತು.

ಈಗಲೂ ಈ ಸುತ್ತಿನ ಹಳ್ಳಿಗಳಲ್ಲಿ ಮದುವೆಯ ಮಾತು ಬಂದರೆ, ನಿಶ್ಚಯದ ಮೊದಲು ಹುಡುಗಿಯನ್ನು ಗುಡ್ಡಕ್ಕೆ ಕರೆತರುತ್ತಾರೆ. ಸೋಮವಾರ ಬಂದರೆ ನಿಮಗೂ ಕಂಡೀತು. ಹುಡುಗಿ ಒಬ್ಬಳೇ ಒಳಗೆ ಹೋಗಿ ಕೂಡುತ್ತಾಳೆ. ಬೀಗರು ಕೆಳಗೆ ಬೇವಿನ ಮರದ ಹತ್ತಿರ ನಿಲ್ಲಬೇಕು. ಅಪ್ಪ ಸಂದಿನ ಬಾಯಲ್ಲಿ ನೆಲದ ಮೇಲೆ ಕೂತು, "ಒಪ್ಪಿಗಿ ಅದ ಏನವ್ವಾ?" ಎಂದು ಒಂದೇ ಸಲ ಕೇಳಬೇಕು, ಮತ್ತೆ ಕೇಳುವಂತಿಲ್ಲ, ಕಾರಣ ವಿಚಾರಿಸುವಂತಿಲ್ಲ. ಹುಡುಗಿ ಎಷ್ಟು ಹೊತ್ತು ಬೇಕಾದರೂ ಯೋಚಿಸಬಹುದು. ನನ್ನ ಮಗಳು ಒಳಗಿದ್ದಾಗ ನಾನೂ ಹಾಗೆ ಕೂತಿದ್ದೆ. ಒಳಗಿನಿಂದ ಮಾತೇ ಇಲ್ಲ. ಬಿಸಿಲಿಗೆ ನೆತ್ತಿ ಕಾಯುತ್ತಿತ್ತು. ನನಗೆ ಗೊತ್ತಿಲ್ಲದ್ದು ಇವಳಿಗೆ ಏನು ಗೊತ್ತಿದೆ, ನಾನು ಏನನ್ನು ಕೇಳದೆ ಬಿಟ್ಟಿದ್ದೇನೆ ಎಂದು ಒಂದೊಂದೇ ನೆನೆಯುತ್ತ ಕೂತಿದ್ದೆ. ಗುಡ್ಡದ ಮೇಲೆ ಹುಡುಗಿಯರು ಹೆದರುವುದನ್ನು ನಾನು ನೋಡಿಲ್ಲ. ಅಲ್ಲಿ ಹೆದರಿಕೊಂಡು ಕೂತಿರುವವನು ಅಪ್ಪ.