ತೆರೆದೇ ಇದ್ದ ಬಾಗಿಲು

"ಗುರುಗಳೇ, ಮಠದಲ್ಲಿ ಹಳೆಯ ವಸ್ತುಗಳ ಸಂಗ್ರಹಾಲಯ ತೆರೆದು ವರ್ಷವಾಯಿತು. ಸುತ್ತಲಿನ ಎಲ್ಲ ಕೇರಿಗಳಿಂದಲೂ ವಸ್ತುಗಳನ್ನು ತಂದಿಟ್ಟಿದ್ದೇನೆ. ಯಾರನ್ನೂ ತಡೆಯುವುದಿಲ್ಲ. ಆದರೂ ಕೆಳಗಿನ ಕೇರಿಯವರು ಒಬ್ಬರೂ ಬರುವುದಿಲ್ಲ. ಅವರಿಗೆ ಇದರಲ್ಲಿ ಆಸಕ್ತಿಯೇ ಇಲ್ಲ. ಆಸಕ್ತಿ ಇಲ್ಲದವರನ್ನು ಕರೆತರುವುದು ಹೇಗೆ?" ಎಂದು ಮರಿದೇವನೆಂಬ ಶಿಷ್ಯ ಕೇಳಿದ. ಸಂಗ್ರಹಾಲಯದ ಉಸ್ತುವಾರಿ ಅವನದೇ.

"ಆಸಕ್ತಿ ಇಲ್ಲವೆಂದು ನಿನಗೆ ಹೇಳಿದವರು ಯಾರು?" ಎಂದರು ಗುರುಗಳು. "ಇರಲಿ, ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ" ಎಂದು ಆರಂಭಿಸಿದರು.

ಒಂದು ಪೇಟೆಯಲ್ಲಿ ಒಬ್ಬ ವರ್ತಕನಿದ್ದ. ಒಳ್ಳೆಯವನೇ. ಕೆಟ್ಟವನ ಕತೆಯಾಗಿದ್ದರೆ ನಿನಗೆ ಹೇಳುವ ಅಗತ್ಯವಿರಲಿಲ್ಲ. ನೀನು ಹಾಯಾಗಿ ಕೇಳಿ ಎದ್ದು ಹೋಗುತ್ತಿದ್ದೆ. ಅವನಿಗೆ ಹಳೆಯ ವಸ್ತುಗಳೆಂದರೆ ಪ್ರಾಣ. ಜನ ಬಳಸಿ ಬಿಟ್ಟದ್ದೆಲ್ಲ ಹಾಳಾಗಿ ಹೋಗುತ್ತಿದೆ, ಒಂದು ಕಡೆ ಕಾಪಾಡಬೇಕು ಎಂದು ಸಂಗ್ರಹಾಲಯ ಕಟ್ಟಲು ಹೊರಟ. ಆಳುಗಳನ್ನು ಕಳಿಸಲಿಲ್ಲ. ತಾನೇ ಊರೂರು ತಿರುಗಿದ.

ಹಾಗೆ ತಿರುಗುತ್ತ ಒಂದು ಊರಿನ ಹೊರಗಿನ ಕೇರಿಗೆ ಹೋದ. ಅಲ್ಲಿ ಒಬ್ಬ ಮುದುಕಿಯ ಮನೆಯ ಗೋಡೆಯ ಮೇಲೆ ತಮಟೆ ತೂಗುತ್ತಿತ್ತು. ಅವಳ ಗಂಡ ಊರಿನವರ ಮದುವೆಗೂ ಸಾವಿಗೂ ಅದನ್ನು ಬಾರಿಸಿದವನು. ಅವನು ಸತ್ತ ಮೇಲೆ ಅವಳು ಬೆಳಗ್ಗೆ ಎದ್ದು ಮೊದಲು ತಮಟೆಯ ಮುಖ ನೋಡಿ, ಆಮೇಲೆ ಒಲೆ ಹಚ್ಚುತ್ತಿದ್ದಳು. ವರ್ತಕ ಅವಳ ಜಗಲಿಯ ಮೇಲೆ ಕೂತ. ಅವಳು ಕೊಟ್ಟ ನೀರು ಕುಡಿದ. 'ಅವ್ವಾ' ಎಂದು ಕರೆದ. ಅಂಥವನೊಬ್ಬ ಆ ಕೇರಿಯ ಜಗಲಿಯ ಮೇಲೆ ಅದುವರೆಗೆ ಕೂತಿರಲಿಲ್ಲ. ಇಲ್ಲಿದ್ದರೆ ಗೆದ್ದಲು ಹಿಡಿಯುತ್ತದೆ, ನನ್ನಲ್ಲಿ ಭದ್ರವಾಗಿರುತ್ತದೆ, ನೀನು ಯಾವಾಗ ಬೇಕಾದರೂ ಬಂದು ನೋಡು ಎಂದ. ಮುದುಕಿಯ ಕಣ್ಣಿಗೆ ಆಗಲೇ ಪೊರೆ ಬರತೊಡಗಿತ್ತು. ಕಣ್ಣಿರುವಷ್ಟು ದಿನ ನೋಡುತ್ತಿದ್ದರೆ ಸಾಕು ಎಂದುಕೊಂಡಳು. ತಮಟೆಯನ್ನು ಇಳಿಸಿ ಅವನ ಕೈಗೆ ಕೊಟ್ಟಳು.

ವರ್ತಕ ಸಂಗ್ರಹಾಲಯ ಕಟ್ಟಿದ. ಎಷ್ಟು ಭಕ್ತಿಯಿಂದ ಕಟ್ಟಿದನೆಂದರೆ, ಗುಡಿಯ ಹಾಗೆಯೇ ಮಾಡಿಬಿಟ್ಟ. ಎತ್ತರದ ಮೆಟ್ಟಿಲು, ಕಲ್ಲಿನ ಹೊಸ್ತಿಲು, ಹೊಸ್ತಿಲಿಗೆ ಅರಿಶಿನ ಕುಂಕುಮ, ಬಾಗಿಲಿಗೆ ಗಂಟೆ. ಪುರೋಹಿತರನ್ನು ಕರೆಸಿ ಪೂಜೆ ಮಾಡಿಸಿದ. ಚಪ್ಪಲಿ ಹೊರಗೆ ಬಿಡಬೇಕೆಂದ. ಬಂದವರಿಗೆಲ್ಲ, ನನಗೆ ಇದು ಗುಡಿಯೇ ಎಂದು ಹೇಳಿದ. ಜನ ಭೇಷ್ ಎಂದರು. ಅವನು ಉಬ್ಬಿಹೋದ. ಯಾರು ತಾನೇ ಉಬ್ಬುವುದಿಲ್ಲ? ತಮಟೆಯನ್ನು ಗಾಜಿನ ಪೆಟ್ಟಿಗೆಯಲ್ಲಿ ಹಾಕಿ ಒಳಗಿನ ಕೋಣೆಯಲ್ಲಿಟ್ಟ.

ಸಂತೆಯ ದಿನ ಮುದುಕಿ ನಡೆದು ಬಂದಳು. ಮೆಟ್ಟಿಲ ಕೆಳಗೆ, ಅಂಗಳದಲ್ಲಿ ನಿಂತಳು. ಕೈ ಮುಗಿದು ಒಳಗೆ ಇಣುಕಿದಳು. ಸ್ವಲ್ಪ ಹೊತ್ತು ನಿಂತು ಹೋದಳು. ಮುಂದಿನ ಸಂತೆಗೂ ಬಂದಳು, ಹಾಗೆಯೇ ನಿಂತು ಹೋದಳು. ಮಳೆಗಾಲ ಕಳೆಯಿತು, ಬೇಸಿಗೆ ಬಂತು. ಈಚೀಚೆಗೆ ನೆರೆಯವರ ಕೈ ಹಿಡಿದು ಬರುತ್ತಿದ್ದಳು. ವಯಸ್ಸಾಯಿತು, ಪಾಪ, ಎಂದುಕೊಂಡ ವರ್ತಕ. ದೊಡ್ಡವರು ಯಾರಾದರೂ ಬಂದಾಗ ಅವಳನ್ನು ಬೆರಳಿಟ್ಟು ತೋರಿಸಿ, ಓದುಬರಹ ಇಲ್ಲದವರಿಗೂ ಈ ಸ್ಥಳದ ಮೇಲೆ ಎಷ್ಟು ಗೌರವ ನೋಡಿ ಎನ್ನುತ್ತಿದ್ದ. ನಾಚಿಕೆಗೆಟ್ಟವನು ಎಂದು ನಿನಗೆ ಅನ್ನಿಸುತ್ತಿದೆ. ಇಲ್ಲಪ್ಪ, ಅವನಿಗೆ ನಿಜವಾಗಿಯೂ ಹಾಗೆಯೇ ಕಂಡಿತ್ತು. ಅದೇ ಕಷ್ಟ.

ಒಂದು ಸಂತೆಯ ದಿನ ಸಂಗ್ರಹಾಲಯದಲ್ಲಿ ಬೇರೆ ಯಾರೂ ಇರಲಿಲ್ಲ. ವರ್ತಕ ಹೊರಗೆ ಬಂದು ಅವಳನ್ನು ಮಾತಾಡಿಸಿದ. "ಅವ್ವಾ, ಅಷ್ಟು ದೂರದಿಂದ ಬರುತ್ತೀಯ, ಅಂಗಳದಲ್ಲೇ ನಿಂತು ಹೋಗುತ್ತೀಯಲ್ಲ. ಬಾಗಿಲು ತೆಗೆದೇ ಇರುತ್ತದಲ್ಲ?"

ಮುದುಕಿ ದನಿ ಬಂದ ಕಡೆಗೆ ಮುಖ ತಿರುಗಿಸಿದಳು. "ನಮ್ಮೂರ ಗುಡಿ ಬಾಗಿಲೂ ತೆಗೆದೇ ಇರ್ತದೆ, ಬುದ್ಧಿ" ಎಂದಳು.

ಅವಳು ಚುಚ್ಚಿ ಹೇಳಲಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳಿದಳು, ಅಷ್ಟೆ. ತಾನು ಇಟ್ಟ ಗಂಟೆಯನ್ನೂ ಬಳಿಸಿದ ಅರಿಶಿನವನ್ನೂ ವರ್ತಕ ಮೊದಲ ಸಲ ಅಂಗಳದಲ್ಲಿ ನಿಂತು ನೋಡಿದ. ಮರ್ಯಾದೆಗೆಂದು ಮಾಡಿದ ಒಂದೊಂದೂ ಅವಳಿಗೆ 'ಅಲ್ಲೇ ನಿಲ್ಲು' ಎಂದು ಹೇಳುತ್ತಿತ್ತು. ಬಂದವರಿಗೆಲ್ಲ ಅವಳನ್ನು ತೋರಿಸಿ ಮೆರೆದದ್ದು ನೆನಪಾಗಿ ನಾಚಿಕೆಯಿಂದ ಹಿಡಿಯಾದ. ಅವಳ ಕೈ ಹಿಡಿದು ಮೆಟ್ಟಿಲು ಹತ್ತಿಸಿದ. ಹೊಸ್ತಿಲ ಹತ್ತಿರ ಅವಳ ಕಾಲು ತಡೆಯಿತು. ಅವನು ಕೈ ಬಿಡಲಿಲ್ಲ.

ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲಿಸಿ, "ನೋಡವ್ವಾ" ಎಂದ.

ಮುದುಕಿ ಮುಖವನ್ನು ಅತ್ತ ಇತ್ತ ಹೊರಳಿಸಿದಳು. ಆಮೇಲೆ, "ಎಲ್ಲಿ ಅದೆ?" ಎಂದು ಕೇಳಿದಳು.

ಅವಳ ಕಣ್ಣು ಪೂರ್ತಿ ಹೋಗಿತ್ತು. ಅಂಗಳದಲ್ಲಿ ನಿಂತು ನಿಂತೇ ಹೋಗಿತ್ತು. ವರ್ತಕ ಪೆಟ್ಟಿಗೆ ತೆರೆದು ತಮಟೆಯನ್ನು ಅವಳ ಕೈಗಿಟ್ಟ. ಅವಳು ಅದರ ಅಂಚಿನ ಮೇಲೆಲ್ಲ ಬೆರಳಾಡಿಸಿದಳು. ಬೈಯಲಿಲ್ಲ, ಅಳಲೂ ಇಲ್ಲ. ವರ್ತಕ ಅತ್ತ. ಅವನು ಅತ್ತು ಏನು ಬಂತು? ಅವಳಿಗೆ ಕಣ್ಣು ಬರಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮರಿದೇವ ತಲೆ ತಗ್ಗಿಸಿ ಕೂತಿದ್ದ. "ನಮ್ಮ ಬಾಗಿಲಿಗೂ ಗಂಟೆ ಕಟ್ಟಿಸಿದ್ದೇನೆ, ಗುರುಗಳೇ, ನಾಳೆಯೇ ತೆಗೆಸುತ್ತೇನೆ. ಹೊಸ್ತಿಲನ್ನೂ ಕೀಳಿಸುತ್ತೇನೆ. ಅಷ್ಟು ಮಾಡಿದರೆ ಅವರು ಬಂದಾರೇ?" ಎಂದ.

"ವಸ್ತು ಬೇಕಾದಾಗ ಅವರ ಮನೆ ಬಾಗಿಲಿಗೆ ಹೋಗಿದ್ದೆಯಲ್ಲ, ಅವರೇ ಬೇಕಾದಾಗ ಯಾಕೆ ಹೋಗಲಿಲ್ಲ?" ಎಂದರು ಗುರುಗಳು.