ಗುಂಡಿಗೆ ಬಿಟ್ಟ ನೀರು

ಹೊಳೆದಂಡೆಯ ಆ ಮಠದಲ್ಲಿ ಅನ್ನ ಬೇಯುವುದು ಹಬೆಯಲ್ಲಿ. ಅಡುಗೆಮನೆಯ ಹಿಂದೆ ಸೌದೆ ಉರಿಸುವ ಬಾಯ್ಲರೊಂದಿತ್ತು. ಅಲ್ಲಿಂದ ಕೊಳವೆಯಲ್ಲಿ ಹೊರಟ ಹಬೆ ನೇರವಾಗಿ ಅಕ್ಕಿಯ ಹಂಡೆಗಳಿಗೆ ನುಗ್ಗುತ್ತಿತ್ತು.

ಬಾಯ್ಲರ್ ನೋಡಿಕೊಳ್ಳುವವನು ಚರಂತಯ್ಯ, ಮಠದ ಶಿಷ್ಯ, ನಡುವಯಸ್ಸಿನವನು. ಆ ಕೆಲಸವೆಂದರೆ ಅವನಿಗೆ ಪಂಚಪ್ರಾಣ. ಯಾಕೆಂದರೆ ನಸುಕಿನಲ್ಲಿ ಮಠದ ಗುರು ಅಡವಯ್ಯಜ್ಜ ಬಂದು ಆ ಬೆಂಕಿಯ ಮುಂದೆ ಕೂರುತ್ತಿದ್ದರು. ಅಷ್ಟು ಹೊತ್ತು ಅಜ್ಜ ಅವನೊಬ್ಬನಿಗೇ ಸಿಗುತ್ತಿದ್ದರು.

ಹಬೆ ಏರತೊಡಗಿದಾಗ ಅಜ್ಜ ಬಾಯ್ಲರಿನ ತಳದ ವಾಲ್ವನ್ನು ತಾವೇ ತಿರುವಿ, ಒಂದಿಷ್ಟು ಕುದಿನೀರನ್ನು ಹೊರಗಿನ ಗುಂಡಿಗೆ ಬಿಟ್ಟು, ಮತ್ತೆ ಮುಚ್ಚುತ್ತಿದ್ದರು.

ಒಮ್ಮೆ ಅಜ್ಜ ಭಕ್ತರ ಊರುಗಳಿಗೆ ಹೊರಟರು. "ದಿನಾ ನೀರು ಬಿಡೂದು ಮರೀಬ್ಯಾಡ," ಎಂದು ಹೇಳಿಹೋದರು.

ಚರಂತಯ್ಯ ಮರೆಯಲಿಲ್ಲ, ಬೇಕೆಂದೇ ನೀರು ಬಿಡಲಿಲ್ಲ. ನೆಲಕ್ಕೆ ಬಿದ್ದ ಅಗುಳನ್ನೂ ಎತ್ತಿ ಬಾಯಿಗೆ ಹಾಕಿಕೊಳ್ಳುವ ಮಠ ಅದು. ಭಕ್ತರು ಹೊತ್ತು ತಂದ ಸೌದೆ ಉರಿಸಿ ಕಾಯಿಸಿದ ನೀರನ್ನು ಗುಂಡಿಗೆ ಸುರಿಯಲು ಅವನಿಗೆ ಮನಸ್ಸೇ ಬರಲಿಲ್ಲ. ಉಳಿಸಿದ ಸೌದೆ ತೋರಿಸಿ ಅಜ್ಜನ ಕೈಲಿ ಭೇಷ್ ಅನ್ನಿಸಿಕೊಳ್ಳುವ ಆಸೆಯೂ ಇತ್ತು, ಪಾಪ.

ದಿನ ಕಳೆದಂತೆ ಬಾಯ್ಲರಿನ ಮಟ್ಟ ತೋರಿಸುವ ಗಾಜಿನ ಕೊಳವೆಯಲ್ಲಿ ನೀರು ನೊರೆಯೆದ್ದು ಕುಣಿಯತೊಡಗಿತು. ನೋಡಿಯೂ ಸುಮ್ಮನಾದ.

ಅಜ್ಜ ಮರಳಿದ ದಿನ ಪಂಕ್ತಿಯಲ್ಲಿ ಬಡಿಸಿದ ಅನ್ನ ಹಳದಿಯಾಗಿತ್ತು, ಬಾಯಿಗಿಟ್ಟರೆ ಸವಳು ಸವಳು. ಜನ ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದರು. ಆ ಮಠದಲ್ಲಿ ಹಾಗೆಂದೂ ಆಗಿರಲಿಲ್ಲ.

ಅಜ್ಜ ಮಾತ್ರ ತಮ್ಮ ತಟ್ಟೆ ಖಾಲಿ ಮಾಡಿ ಎದ್ದರು. ಚರಂತಯ್ಯನಿಗೆ ಅನ್ನಿಸಿತು: ಇನ್ನು ಬಾಯ್ಲರು ಬೇರೆಯವರ ಪಾಲು, ನಸುಕಿನ ಅಜ್ಜನೂ ಬೇರೆಯವರ ಪಾಲು.

ಮರುದಿನ ನಸುಕಿನಲ್ಲಿ ಅಜ್ಜ ಬಂದರು.

"ವಾಲ್ವ್ ತಿರುವು. ಕಣ್ಣು ಗಾಜಿನ ಮ್ಯಾಲಿರಲಿ, ನೀರು ತೀರಾ ಇಳಿಯಬಾರದು."

ತಿರುವಿದ. ಗುಂಡಿಗೆ ಭೋರೆಂದು ರಾಡಿ ನುಗ್ಗಿತು.

"ಸಾಕು, ಮುಚ್ಚು."

ಗುಂಡಿಯ ನೀರು ತಣ್ಣಗಾಗುವ ತನಕ ಇಬ್ಬರೂ ಕೂತರು. ಆಮೇಲೆ ಅಜ್ಜ ಒಂದು ಲೋಟ ಮೊಗೆದು ಅವನ ಮುಂದಿಟ್ಟರು. ಸ್ವಲ್ಪ ಹೊತ್ತಿಗೆ ತಳದಲ್ಲಿ ಸುಣ್ಣದಂಥ ಕೆಸರು ನಿಂತಿತು.

"ನಾ ಹಾಕಿದ್ದು ತಿಳಿನೀರು ಅಜ್ಜಾರ. ಈ ರಾಡಿ ಎಲ್ಲಿಂದ ಬಂತ್ರಿ?"

"ತಿಳಿನೀರಿನಾಗ ಇದ್ದದ್ದ ಅದು. ಹಬಿ ಹಗೂರ, ಹೊರಗ ಹೋಗತೈತಿ. ಉಪ್ಪು, ಸುಣ್ಣ ಒಳಗ ಉಳೀತಾವು. ದಿನಾ ಒಂದೀಟು ಹೊರಗ ಬಿಡಲಿಲ್ಲಂದ್ರ ನೊರಿ ಎದ್ದು ಹಬಿ ಜೋಡಿ ಅನ್ನದಾಗ ಬರತಾವು."

"ತಪ್ಪಾತ್ರಿ."

"ಆತು ಬಿಡು. ಮತ್ತ ಮುಖ ಯಾಕ ಹಿಂಗ ಮಾಡೀದಿ?"

"ಏನಿಲ್ರಿ."

ಯಾವಾಗ ಕೇಳಿದರೂ ಅವನದು ಇದೇ ಉತ್ತರ. ತನಗೆ ಸಿಟ್ಟೇ ಬರುವುದಿಲ್ಲ ಎಂಬುದು ಚರಂತಯ್ಯನ ಹೆಮ್ಮೆ.

"ನಿನ್ನೆ ಬಡಿಸುವಾಗ ಸಾರು ಮಾಡೂ ಕೊಟ್ರಯ್ಯನ ಮುಂದ ಸೌಟು ಕುಕ್ಕಿದಿ. ಅವ ಏನು ಮಾಡಿದ್ದ?"

"ಅವ ಏನೂ ಮಾಡಿಲ್ರಿ."

"ಹಂಗಾದ್ರ ಯಾರು ಮಾಡ್ಯಾರ?"

ಚರಂತಯ್ಯ ಉರಿಗೆ ಇನ್ನೊಂದು ಸೌದೆ ನೂಕಿದ.

"ನೀವ್ರಿ," ಎಂದ ಕೊನೆಗೆ.

ಒಮ್ಮೆ ಬಾಯಿ ಬಿಟ್ಟಿತೋ, ಮತ್ತೆ ನಿಲ್ಲಲಿಲ್ಲ. "ಇಷ್ಟು ವರ್ಷ ಈ ಉರಿ ಮುಂದ ಕುಂತೇನಿ. ಒಂದು ದಿನ, ಚರಂತಯ್ಯಾ ಅನ್ನ ಚಲೋ ಆಗೈತಿ ಅಂದೀರೇನು? ಕೊಟ್ರಯ್ಯ ಮೊನ್ನೆ ಬಂದಾಂವ. ಅವ ಸಾರು ಮಾಡಿದ್ರ ಮಂದಿ ಮುಂದ ಹೊಗಳತೀರಿ. ನಾ ಏನು ಒಲಿಗೆ ಹಾಕೂ ಕಟ್ಟಿಗೇನ್ರಿ?"

ತನ್ನ ದನಿ ಕೇಳಿ ತಾನೇ ಬೆಚ್ಚಿದ. ಕಣ್ಣು ತುಂಬಿ ಬಂತು.

"ನನ್ನ ಇಲ್ಲಿಂದ ತೆಗೀತೀರೇನ್ರಿ, ಅಜ್ಜಾರ?"

ಅಜ್ಜನ ಮುಖ ಸಣ್ಣದಾಗಿತ್ತು. "ಖರೇನ ಅಂದಿ," ಎಂದರು. "ನಾ ಹೇಳಬೇಕಿತ್ತು. ಹೇಳಲಿಲ್ಲ."

ಹಾಗೆಂದು ಅವನ ಬೆನ್ನ ಮೇಲೆ ಕೈಯಿಟ್ಟರು. "ಇನ್ನೂ ಐತೇನು?"

ಚರಂತಯ್ಯ ಅಳುತ್ತಲೇ ನಕ್ಕುಬಿಟ್ಟ. "ಭಾಳ ಐತ್ರಿ."

"ಇವತ್ತಿಗೆ ಇಷ್ಟು ಸಾಕು. ನಾಳೆ ನಸುಕಿನಾಗ ಬರತೇನಿ. ಮೊದಲ ನನಗ ಒಂದೀಟು ಬೈ ತಮ್ಮಾ, ಆಮ್ಯಾಲ ಅನ್ನಕ್ಕ ಹಬಿ ಬಿಡೂಣು."